ನಾಲ್ಕನೇ ಕೂಗು

ಮಕ್ಕಳಿಗೆ ಕತೆ ಬರೆಯುವುದು, ಬರೆದದ್ದನ್ನು ಚೀಲಕ್ಕೆ ತುಂಬಿಕೊಂಡು ಶಾಲೆಯಿಂದ ಶಾಲೆಗೆ ಹೋಗಿ ಹೇಳುವುದು, ಇದೇ ನನ್ನ ಬದುಕಾಗಿ ಇಪ್ಪತ್ತು ವರ್ಷದ ಮೇಲಾಯಿತು. ಹೆಗ್ಗದ್ದೆಯ ಕಾಡಂಚಿನ ಶಾಲೆಗೆ ಹೋಗಲಿ, ದೋಣಿಗಲ್ಲಿನ ಹೆದ್ದಾರಿ ಪಕ್ಕದ ಶಾಲೆಗೆ ಹೋಗಲಿ, ಮಕ್ಕಳು ಕೇಳುವುದು ಒಂದನ್ನೇ. "ಮಿಸ್, ದೆವ್ವದ ಕತೆ ಹೇಳಿ ಮಿಸ್." ನಾನು ಹೇಳುವುದಿಲ್ಲ. ನರಿಯ ಕತೆ ಹೇಳುತ್ತೇನೆ, ಮುಂಗುಸಿಯ ಕತೆ ಹೇಳುತ್ತೇನೆ, ಹೊಟ್ಟೆಬಾಕ ರಾಜನ ಕತೆ ಹೇಳಿ ಕುಣಿದೂ ತೋರಿಸುತ್ತೇನೆ. ದೆವ್ವ ಮಾತ್ರ ಇಲ್ಲ. ಒಂದು ಕಡೆ ಹೆಡ್ಮಾಸ್ತರೊಬ್ಬರು, "ನೀವು ಮೂಢನಂಬಿಕೆ ವಿರೋಧಿಗಳು, ಬಹಳ ಒಳ್ಳೇದು" ಎಂದು ಸಭೆಯಲ್ಲೇ ಹೊಗಳಿದರು. ನಾನು ಕೈಮುಗಿದು ಕೂತೆ. ವಿರೋಧವೂ ಇಲ್ಲ, ಮಣ್ಣೂ ಇಲ್ಲ. ನಾನು ಒಂಬತ್ತು ವರ್ಷದವಳಿದ್ದಾಗ ನಮ್ಮ ಮನೆಗೆ ಒಂದು ದೆವ್ವದ ಕತೆ ಬಂದಿತ್ತು. ಅದು ಏನು ಮಾಡಿ ಹೋಯಿತು ಎಂಬುದನ್ನು ಇಲ್ಲಿಯವರೆಗೆ ಎಲ್ಲೂ ಬರೆದಿಲ್ಲ.

ನಮ್ಮ ಊರು ಆಲೂರು ಸೀಮೆಯಲ್ಲಿ, ಹೇಮಾವತಿಯ ಹಿನ್ನೀರಿನ ನಡುವೆ. ನಾನು ಹುಟ್ಟುವಷ್ಟರಲ್ಲಿ ನೀರು ಬಂದು ನಿಂತು, ಗುಡ್ಡದ ಮೇಲಿನ ಹನ್ನೊಂದು ಮನೆ ಮಾತ್ರ ಉಳಿದಿದ್ದವು. ಬಿರುಬೇಸಿಗೆಯಲ್ಲಿ ಎರಡು ತಿಂಗಳು ಒಂದು ಪಕ್ಕಕ್ಕೆ ಕೆಸರಿನ ದಾರಿ ಏಳುತ್ತಿತ್ತು; ಮಿಕ್ಕ ಕಾಲವೆಲ್ಲ ಸುತ್ತಲೂ ನೀರು. ಆಚೆ ದಡದವರು ನಮ್ಮನ್ನು 'ದ್ವೀಪದೋರು' ಎಂದು ಆಡಿಕೊಳ್ಳುತ್ತಿದ್ದರು. ಹೆಣ್ಣು ಕೊಡುವ ಮಾತು ಬಂದಾಗ ಅದೇ ಮಾತನ್ನು ನಗದೆ ಹೇಳುತ್ತಿದ್ದರು. ಊರಿಗೆಲ್ಲ ಇದ್ದದ್ದು ಒಂದೇ ತೆಪ್ಪ, ಬಿದಿರು ಹೆಣೆದು ಡಾಂಬರು ಬಳಿದ ದುಂಡನೆಯ ತೆಪ್ಪ, ಅದು ನಮ್ಮ ಮನೆಯದು. ಹುಟ್ಟು ಹಾಕುತ್ತಿದ್ದವನು ಚಿಕ್ಕಪ್ಪ, ಅಪ್ಪನ ತಮ್ಮ. ಅಪ್ಪ ಯಸಳೂರು ಕಡೆಯ ಒಂದು ಎಸ್ಟೇಟಿನಲ್ಲಿ ರೈಟರಾಗಿದ್ದ. ಆಳುಗಳ ಹಾಜರಿ ಬರೆಯುವ ಕೆಲಸ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ, ಕಾಫಿ ಕುಯ್ಲು ಶುರುವಾದರೆ ಅದೂ ಇಲ್ಲ. ಹಾಗಾಗಿ ಮನೆಯಲ್ಲಿ ಯಾವಾಗಲೂ ಇರುತ್ತಿದ್ದವರು ಅಜ್ಜಿ, ಅವ್ವ, ಚಿಕ್ಕಪ್ಪ ಮತ್ತು ನಾನು. ಅಜ್ಜಿಗೂ ಅವ್ವನಿಗೂ ದಿನಕ್ಕೆ ಒಂದಾದರೂ ಜಗಳ ಆಗಬೇಕು. ಒಲೆಗೆ ಹಸಿ ಸೌದೆ ಇಟ್ಟಳು, ರೊಟ್ಟಿ ಸೀಯಿಸಿದಳು, ಸೊಸೆಯಾಗಿ ಬಂದು ಹತ್ತು ವರ್ಷಕ್ಕೆ ಒಂದೇ ಒಂದು ಹೆಣ್ಣು ಹೆತ್ತಳು. ಅವ್ವ ಎದುರಾಡುತ್ತಿರಲಿಲ್ಲ. ಅಕ್ಕಿರೊಟ್ಟಿಯನ್ನು ಮಾತ್ರ ಸ್ವಲ್ಪ ಜೋರಾಗಿ ತಟ್ಟುತ್ತಿದ್ದಳು.

ನನ್ನ ಬಾಲ್ಯವೆಲ್ಲ ಕಳೆದದ್ದು ಹೊಗೆ ಹಿಡಿದ ಆ ಅಡುಗೆಮನೆಯಲ್ಲಿ, ನೀರಿನ ಕಡೆಗೆ ತೆರೆದ ಕಿಟಕಿಯ ಹತ್ತಿರ. ಕಿಟಕಿಯ ಕೆಳಗೆ ಹಲಸಿನ ಮರದ ಒಂದು ಮಣೆ ಇತ್ತು. ಅದನ್ನು ಕೂಗಿನ ಮಣೆ ಎನ್ನುತ್ತಿದ್ದರು. ಆಚೆ ದಡಕ್ಕೆ ಬಂದವರು "ತೆಪ್ಪಾ ಓ" ಎಂದು ಕೂಗಬೇಕು, ಮಣೆಯ ಮೇಲೆ ಕೂತವರು ಕೇಳಿಸಿಕೊಂಡು ಚಿಕ್ಕಪ್ಪನಿಗೆ ಹೇಳಬೇಕು. ಹಗಲಲ್ಲಿ ಒಂದು ಕೂಗು ಸಾಕು. ದೀಪ ಹಚ್ಚುವ ಹೊತ್ತಾದ ಮೇಲೆ ಮಾತ್ರ ಕಟ್ಟುನಿಟ್ಟು. ಮೂರು ಕೂಗು ಆಗುವ ತನಕ ಮಣೆ ಬಿಟ್ಟು ಏಳುವ ಹಾಗಿಲ್ಲ. ಮೂರನೆಯದು ಕೇಳಿದ ಮೇಲೆ ಲಾಟೀನನ್ನು ಕಿಟಕಿಗೆ ಎತ್ತಿ ಹಿಡಿಯಬೇಕು. ಆಚೆಯವರಿಗೆ ಅದೇ ಉತ್ತರ: ತೆಪ್ಪ ಬರುತ್ತದೆ, ಕಾಯಿರಿ. ಬೆಳಕು ಕಂಡ ಮೇಲೆ ಅವರು ಮತ್ತೆ ಕೂಗುವುದಿಲ್ಲ. ಅಜ್ಜಿಯ ಕಿವಿ ಮಂದವಾಗುತ್ತ ಬಂತು, ಅವ್ವನಿಗೆ ಒಲೆ ಬಿಟ್ಟು ಏಳಲು ಪುರಸೊತ್ತಿಲ್ಲ, ಹೀಗಾಗಿ ಎಂಟನೇ ವಯಸ್ಸಿಗೇ ಆ ಮಣೆ ನನ್ನ ಪಾಲಿಗೆ ಬಂತು. ಕೂರಿಸಿದ ದಿನ ಅಜ್ಜಿ ನನ್ನ ಕಿವಿ ಹಿಡಿದು ಹೇಳಿದಳು:

"ನೀರಲ್ಲಿ ಸತ್ತೋವು ಮುಚ್ಚಂಜೆ ಆಗ್ತಿದ್ದಂಗೆ ಕೂಗ್ತವೆ ಕಣೆ. ನಮ್ಮೋರ ದನೀಲೇ ಕೂಗ್ತವೆ. ಆದ್ರೆ ಅವ್ಕೆ ಒಂದೇ ಕೂಗು ಬರೋದು, ಜಾಸ್ತಿ ಅಂದ್ರೆ ಎಲ್ಡು. ಮೂರಾಗೋಗಂಟ ಏಳ್ಬ್ಯಾಡ. ಎದ್ದು ಲಾಟೀನ್ ತೋರ್ಸಿದ್ಯೋ, ತೆಪ್ಪ ತಗಂಡು ಹೋದೋನು ಹಂಗೇ ಹೋಗ್ಬುಡ್ತಾನೆ."

"ನಾಕು ಕೂಗಿದ್ರೆ ಅಜ್ಜಿ?"

"ಥೂ, ಬಿಡ್ತು ಅನ್ನು! ನಾಕು ಕೂಗೋದು ಸಾವಿನ ಸುದ್ದಿ ತಂದೋರು. ಸುಮ್‌ಸುಮ್ನೆ ನಾಕು ಕೂಗಿದ್ರೆ ಕೂಗಿದೋರ ಮನೇಲೇ ಹೆಣ ಬೀಳ್ತದೆ."

ನಾನು "ಬಿಡ್ತು" ಎಂದೆ. ಆಚೆ ದಡದ ಊರುಗಳಲ್ಲೂ ಈ ಲೆಕ್ಕ ಎಲ್ಲರಿಗೂ ಗೊತ್ತಿತ್ತು. ನೆಂಟರು, ಆಡು ಕೊಳ್ಳುವವರು, ಬಳೆಗಾರ, ಯಾರೇ ಆದರೂ ಸಂಜೆಯಾದರೆ ಮೂರು ಕೂಗಿ ಸುಮ್ಮನಾಗುತ್ತಿದ್ದರು. ಒಂದು ವರ್ಷ ನಾನು ಒಂದು ಕೂಗನ್ನೂ ತಪ್ಪಿಸಲಿಲ್ಲ. ಶಾಲೆಯಲ್ಲಿ ಮಗ್ಗಿ ತಪ್ಪುತ್ತಿದ್ದವಳು ಮಣೆಯ ಮೇಲೆ ಎಣಿಕೆ ತಪ್ಪುತ್ತಿರಲಿಲ್ಲ. ಇದನ್ನು ಚಿಕ್ಕಪ್ಪ ಊರೆಲ್ಲ ಹೇಳಿಕೊಂಡು ಬರುತ್ತಿದ್ದ, ನನಗೆ ಹೆಮ್ಮೆಯೋ ಹೆಮ್ಮೆ.

ಆ ವರ್ಷ ದೀಪಾವಳಿ ಕಳೆದ ಮೇಲೆ ಮಕ್ಕಳ ಸಾಹಿತಿಯೊಬ್ಬರು ನಮ್ಮ ಶಾಲೆಗೆ ಬರುತ್ತಾರೆಂದು ಸುದ್ದಿಯಾಯಿತು. ದಾರಿ ಇಲ್ಲದ ಊರುಗಳ ಶಾಲೆಗೆ ಕತೆ ಬರೆಯುವವರನ್ನು ಕಳಿಸುತ್ತಾರಂತೆ. ಶಾಲೆ ಎಂದರೆ ಒಂದು ಕೋಣೆ, ಒಬ್ಬ ಮೇಷ್ಟ್ರು, ಹದಿನಾಲ್ಕು ಮಕ್ಕಳು. ಮೇಷ್ಟ್ರು ನಮ್ಮ ಕೈಲಿ ನೆಲ ಸಾರಿಸಿ ಮಾವಿನ ಸೊಪ್ಪು ಕಟ್ಟಿಸಿದರು. ಬಂದವರು ಬೋಳು ತಲೆಯ, ತೋಳಿಲ್ಲದ ಸ್ವೆಟರಿನ ಮನುಷ್ಯ. ತೆಪ್ಪದಲ್ಲಿ ಚಪ್ಪಲಿಯನ್ನು ಎದೆಗೆ ಅವುಚಿಕೊಂಡು, ಇನ್ನೊಂದು ಕೈಯಲ್ಲಿ ಅಂಚು ಹಿಡಿದು, ಕಣ್ಣು ಮುಚ್ಚಿ ಕೂತಿದ್ದರು. ಚಿಕ್ಕಪ್ಪ ಬೇಕೆಂದೇ ತೆಪ್ಪವನ್ನು ಎರಡು ಸುತ್ತು ತಿರುಗಿಸಿದ. ದಡದಲ್ಲಿ ನಿಂತ ನಾವು ಬಿದ್ದು ಬಿದ್ದು ನಕ್ಕೆವು. ಅವರು ಇಳಿದು, ನೆಲ ಮುಟ್ಟಿ ನಮಸ್ಕಾರ ಮಾಡಿ, ನಮ್ಮ ಜೊತೆ ತಾವೂ ನಕ್ಕರು. ಒಬ್ಬೊಬ್ಬರ ಹೆಸರನ್ನೂ ಕೇಳಿ, ಎರಡೆರಡು ಸಲ ಹೇಳಿಕೊಂಡರು. "ಕುಸುಮಾ. ಕುಸುಮಾ. ಆಯ್ತು, ಇನ್ನು ಮರೆಯಲ್ಲ." ಅಷ್ಟು ಹೊತ್ತು ನನ್ನ ಮುಖ ನೋಡಿಕೊಂಡು ನನ್ನ ಹೆಸರು ಹೇಳಿದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ. ಒಳ್ಳೆಯ ಮನುಷ್ಯ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಮನಸ್ಸು ಬರುತ್ತದೋ ಇಲ್ಲವೋ.

ಅವರು ಉಳಿದದ್ದು ನಮ್ಮ ಮನೆಯಲ್ಲಿ. ಅವ್ವನಿಗೆ ಆಗ ಆರು ತಿಂಗಳು. ಹೊಟ್ಟೆ ಹೊತ್ತುಕೊಂಡೇ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಅವರೆಕಾಳಿನ ಸಾರು ಮಾಡಿ ಬಡಿಸಿದಳು. ಅವರು ಪ್ರತಿ ರೊಟ್ಟಿಗೂ "ಸಾಕು ತಾಯಿ" ಎನ್ನುತ್ತ ಐದು ತಿಂದರು. ಅಷ್ಟರಲ್ಲಿ ಆಚೆಯಿಂದ ಕೂಗು ಬಂತು. ನಾನು ಮಣೆಯ ಮೇಲೆ ಅಲುಗದೆ ಕೂತು ಬೆರಳು ಮಡಚಿ ಎಣಿಸಿ, ಮೂರಕ್ಕೆ ಲಾಟೀನು ಎತ್ತಿದ್ದನ್ನು ಅವರು ತುತ್ತು ಕೈಲಿ ಹಿಡಿದುಕೊಂಡೇ ನೋಡಿದರು. ಏಕೆ ಎಂದು ಕೇಳಿದರು. ಅಜ್ಜಿ ಮೂರರ ತನಕ ವಿವರಿಸಿದಳು, ನಾಲ್ಕರ ಮಾತು ಎತ್ತಲಿಲ್ಲ. ಅವರ ಕಣ್ಣು ಹಬ್ಬದ ದಿನದ ಮಕ್ಕಳ ಕಣ್ಣಿನ ಹಾಗೆ ಹೊಳೆಯಿತು.

"ಅಲ್ಲ ಅಜ್ಜಿ, ಆ ದೆವ್ವ ಎಣಿಸೋದು ಕಲಿತುಬಿಟ್ಟರೆ?"

"ಅದ್ಯಾಕೆ ಕಲೀತದೆ ಸ್ವಾಮಿ?" ಎಂದಳು ಅಜ್ಜಿ. "ಅದ್ಕೇನು ಇಸ್ಕೂಲ್ ಐತಾ?"

ಅವರು ತೊಡೆ ತಟ್ಟಿಕೊಂಡು ನಕ್ಕರು. ಮರುದಿನ ಶಾಲೆಯಲ್ಲಿ ಕತೆ ಸಿದ್ಧವಾಗಿತ್ತು. ನೀರಿನಲ್ಲಿ ಒಂದು ಹಸಿದ ದೆವ್ವ. ಕೂಗಿದರೆ ಯಾರೂ ತೆಪ್ಪ ತರುವುದಿಲ್ಲ, ಏಕೆಂದರೆ ಅದಕ್ಕೆ ಬರುವುದು ಒಂದೇ ಕೂಗು. ಅದು ಯೋಚನೆ ಮಾಡಿ, ದಿನವೂ ನಮ್ಮ ಶಾಲೆಯ ಕಿಟಕಿಯ ಹೊರಗೆ ಕೂತು ಮೇಷ್ಟ್ರು ಹೇಳಿಕೊಡುವುದನ್ನು ಕೇಳಿಸಿಕೊಳ್ಳುತ್ತದೆ. ಸೋಮವಾರ ಒಂದು, ಮಂಗಳವಾರ ಎರಡು, ಬುಧವಾರ ಮೂರು. ಗುರುವಾರ ಮೇಷ್ಟ್ರು ರಜ. ದೆವ್ವ ಕುಣಿದಾಡಿಕೊಂಡು ಹೋಗಿ ಸಂಜೆ ದಡದಲ್ಲಿ ನಿಂತು ಮೂರು ಕೂಗು ಹಾಕುತ್ತದೆ. ಊರವರೆಲ್ಲ, ಮನುಷ್ಯರೇ ಬಂದರು, ತೆಪ್ಪ ಕಳಿಸಿ ಎನ್ನುತ್ತಾರೆ. ಆದರೆ ಮಣೆಯ ಮೇಲೆ ಕೂತ ಜಾಣೆ ಕುಸುಮ ಮಾತ್ರ ಏಳುವುದಿಲ್ಲ. "ತಡೀರಿ, ನಾಲ್ಕನೇದು ಕೂಗಲಿ ನೋಡೋಣ!" ದೆವ್ವಕ್ಕೆ ನಾಲ್ಕು ಎಲ್ಲಿಂದ ಬರಬೇಕು? ಗುರುವಾರ ಮೇಷ್ಟ್ರೇ ಬಂದಿರಲಿಲ್ಲವಲ್ಲ! ಬಾಯಿ ಬಿಟ್ಟುಕೊಂಡು ನಿಂತು, ನಾಚಿಕೆಯಾಗಿ, ನೀರಿಗೆ ಹಾರಿ ಹೋಗುತ್ತದೆ. ಹದಿಮೂರು ಮಕ್ಕಳೂ ನನ್ನ ಕಡೆ ತಿರುಗಿ ಚಪ್ಪಾಳೆ ಹೊಡೆದರು. ಮೇಷ್ಟ್ರು ಕೂಡ ಹೊಡೆದರು. ಅವತ್ತು ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಓಡಿಕೊಂಡು ಮನೆಗೆ ಬಂದು, ರಾಗಿ ಕೇರುತ್ತಿದ್ದ ಅವ್ವನ ಮುಂದೆ ಕತೆ ಶುರು ಮಾಡಿದೆ.

"ಈಗ ಬ್ಯಾಡ ಕಣೆ, ಸೊಂಟ ಬಿದ್ದೋಗ್ತಾ ಐತೆ. ಆಮೇಲೆ ಹೇಳೀಯಂತೆ" ಎಂದಳು ಅವ್ವ.

ಆಮೇಲೆ ನಾನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಸಾಹಿತಿಗಳು ಎರಡನೇ ದಿನ ತೆಪ್ಪ ಹತ್ತಿ ಹೋದರು. ಕತೆ ಹೋಗಲಿಲ್ಲ. ನಾವು ಮಕ್ಕಳು ದಿನಾ ಅದನ್ನೇ ಆಡುತ್ತಿದ್ದೆವು. ಒಬ್ಬರು ದೆವ್ವ, ಮೂರು ಕೂಗಬೇಕು. ನಾನು ಯಾವಾಗಲೂ ನಾನೇ. ಆಡುತ್ತಾ ಆಡುತ್ತಾ ಅದು ಆಟವಾಗಿ ಉಳಿಯಲಿಲ್ಲ. ಅದು ನಿಜವಾಗಿಯೂ ಕಿಟಕಿಯ ಹೊರಗೆ ಕೂತು ಕೇಳಿಸಿಕೊಳ್ಳುತ್ತದೆ ಎಂದು ಒಂದನೇ ಕ್ಲಾಸಿನವನೊಬ್ಬ ಅತ್ತ. ನಾವು ದೊಡ್ಡವರು ನಕ್ಕೆವು, ಆದರೆ ಆ ಕಿಟಕಿಯ ಪಕ್ಕ ಕೂರುವುದನ್ನು ಬಿಟ್ಟೆವು. ಮನೆಯ ಹಿರಿಯರಿಗೆ ಇದು ಯಾವುದೂ ಗೊತ್ತಿರಲಿಲ್ಲ. ಕುಯ್ಲಿನ ಕಾಲ, ಸೂರ್ಯ ಮುಳುಗುವ ಮುಂಚೆ ಎಲ್ಲರೂ ಮನೆ ಸೇರುತ್ತಿದ್ದರು, ದೀಪದ ಹೊತ್ತಿನ ಕೂಗೇ ಬರಲಿಲ್ಲ. ಒಂದು ತಿಂಗಳು ಹಾಗೇ ಹೋಯಿತು.

ಅವ್ವ ಆಲೂರು ಆಸ್ಪತ್ರೆಗೆ ತೋರಿಸಿಕೊಳ್ಳಲು ಹೊರಟ ದಿನ ಬೆಳಿಗ್ಗೆ ನನಗೆ ಜಡೆ ಹಾಕುತ್ತಿದ್ದಳು. ನಾನೂ ಬರುತ್ತೇನೆ ಎಂದು ಹಟ ಮಾಡಿ ತಲೆ ಕೊಡವಿದೆ. ಬಾಚಣಿಗೆಯಿಂದಲೇ ಬೆನ್ನಿಗೆ ಎರಡು ಬಿಟ್ಟಳು. ನಾನು ಮಾತು ಬಿಟ್ಟೆ. ಅವತ್ತು ಆಲೂರಿನಲ್ಲಿ ದೊಡ್ಡಮ್ಮನ ಮನೆಯಲ್ಲಿ, ಅಂದರೆ ಅವಳ ಅಕ್ಕನ ಮನೆಯಲ್ಲಿ, ಉಳಿದು ಮರುದಿನ ಬರುತ್ತೇನೆ ಎಂದು ಅಜ್ಜಿಗೆ ಹೇಳಿ ತೆಪ್ಪ ಹತ್ತಿದಳು. ನಾನು ದಡಕ್ಕೂ ಹೋಗಲಿಲ್ಲ. ಆಸ್ಪತ್ರೆಯಲ್ಲಿ ಎಲ್ಲ ಸರಿಯಾಗಿದೆ ಎಂದರಂತೆ. ದೊಡ್ಡಮ್ಮನ ಮನೆಗೆ ಹೋದರೆ ಬೀಗ. ಯಾರದೋ ಮದುವೆಗೆ ಹೋಗಿದ್ದರು. ಅವ್ವ ಸಂಜೆಯ ಬಸ್ಸು ಹಿಡಿದು, ಇಳಿದು, ಮೂರು ಮೈಲಿ ನಡೆದು ದಡಕ್ಕೆ ಬರುವ ಹೊತ್ತಿಗೆ ಬೆಳಕು ಕರಗುತ್ತಿತ್ತು. ಇದೆಲ್ಲ ನಮಗೆ ಗೊತ್ತಾದದ್ದು ಆಮೇಲೆ.

ಮನೆಯಲ್ಲಿ ಅಜ್ಜಿ ಒಲೆಯ ಮುಂದೆ ತೂಕಡಿಸುತ್ತಿದ್ದಳು. ಚಿಕ್ಕಪ್ಪ ಗುಡ್ಡದ ಮೇಲಿನ ಕಣದಲ್ಲಿ ಭತ್ತ ತುಳಿಸುತ್ತಿದ್ದ. ನಾನು ಮಣೆಯ ಮೇಲಿದ್ದೆ. ಕೂಗು ಬಂತು.

"ಕುಸುಮೀ... ತೆಪ್ಪಾ ಓ..."

ಅವ್ವನ ದನಿ. ಅವ್ವ ಆಲೂರಿನಲ್ಲಿದ್ದಾಳೆ, ನಾಳೆ ಬರುತ್ತಾಳೆ. ಹಾಗಿದ್ದರೆ ಇದು ಯಾರು? ನಮ್ಮೋರ ದನೀಲೇ ಕೂಗ್ತವೆ. ಒಂದು ಬೆರಳು ಮಡಚಿದೆ. ಎರಡನೇ ಕೂಗು ಬಂತು. ಸ್ವಲ್ಪ ಹೊತ್ತು ಬಿಟ್ಟು ಮೂರನೆಯದು. ಒಂದು ವರ್ಷದ ಅಭ್ಯಾಸ, ಕೈ ತಾನಾಗಿ ಲಾಟೀನನ್ನು ಕಿಟಕಿಗೆ ಎತ್ತಿತು. ಎತ್ತಿದ ಮೇಲೆ ನೆನಪಾಯಿತು. ಮೂರು ಅದಕ್ಕೆ ಬರುತ್ತದೆ. ಬುಧವಾರವೇ ಕಲಿತಿದೆ. ಲಾಟೀನನ್ನು ಕೆಳಗಿಳಿಸಿ ಮಣೆಯ ಹಿಂದೆ ಇಟ್ಟೆ. ನಾಲ್ಕನೇದು ಕೂಗಲಿ, ಎದ್ದು ಓಡಿ ಹೋಗಿ ಚಿಕ್ಕಪ್ಪನನ್ನು ಕರೆಯುತ್ತೇನೆ ಎಂದುಕೊಂಡೆ. ಆಣೆ ಮಾಡಿ ಹೇಳುತ್ತೇನೆ, ಹಾಗೇ ಅಂದುಕೊಂಡಿದ್ದೆ. ಬೆಳಿಗ್ಗೆಯ ಏಟು ನೆನಪಿಗೂ ಬರಲಿಲ್ಲ. ಕಿಟಕಿಯ ಸರಳು ಹಿಡಿದುಕೊಂಡು ನಾಲ್ಕನೇ ಕೂಗಿಗಾಗಿ ಕಾದೆ. ಅದು ಬರಲಿಲ್ಲ. ನೀರಿನ ಮೇಲೆ ಕತ್ತಲೆ ಇಳಿಯಿತು. ನನಗೆ ಭಯದ ಜೊತೆಗೆ ಒಂದು ಥರ ಖುಷಿಯೂ ಆಯಿತು. ಕತೆಯಲ್ಲಿದ್ದ ಹಾಗೇ ಆಗಿತ್ತು, ನಾನು ಗೆದ್ದಿದ್ದೆ. ಚಿಕ್ಕಪ್ಪ ಕಣದಿಂದ ಬಂದು ಕೈಕಾಲು ತೊಳೆಯುತ್ತ ಕೇಳಿದ:

"ಯಾರಾನ ಕೂಗಿದ್ರೇನೆ?"

ಹೌದು ಅಂದರೆ ಅವನು ತೆಪ್ಪ ತೆಗೆದುಕೊಂಡು ಹೋಗುತ್ತಾನೆ. ಹೋದವನು ಹಂಗೇ ಹೋಗಿಬಿಡುತ್ತಾನೆ.

"ಇಲ್ಲ" ಎಂದೆ.

ಬೆಳಿಗ್ಗೆ ಬಲೆ ಎಳೆಯಲು ಹೋದ ಚಿಕ್ಕಪ್ಪ ಆಚೆ ದಡದ ನೇರಳೆ ಮರದ ಬುಡದಲ್ಲಿ ಅವ್ವನನ್ನು ನೋಡಿದ. ಕೈಯಲ್ಲಿ ಬೆಳಕಿಲ್ಲದೆ ಮೂರು ಮೈಲಿ ವಾಪಸು ನಡೆಯುವ ಹಾಗಿರಲಿಲ್ಲ. ಆ ವಾರವೆಲ್ಲ ಆ ದಾರಿಯಲ್ಲಿ ಆನೆ ತಿರುಗುತ್ತಿದ್ದವು. ಮಂಜಿನಲ್ಲಿ ಕೂತಲ್ಲೇ ನೋವು ಶುರುವಾಗಿ, ಯಾರೂ ಇಲ್ಲದೆ, ಹಲ್ಲು ಕಚ್ಚಿಕೊಂಡು ಹೆತ್ತಿದ್ದಳು. ಏಳು ತಿಂಗಳ ಗಂಡು ಮಗು. ಅಳಲಿಲ್ಲವಂತೆ. ಚಿಕ್ಕಪ್ಪ ತನ್ನ ಕಂಬಳಿಯಲ್ಲಿ ಇಬ್ಬರನ್ನೂ ಸುತ್ತಿ ತೆಪ್ಪದಲ್ಲಿ ತಂದ. ಅವ್ವನನ್ನು ನಡುಮನೆಯಲ್ಲಿ ಮಲಗಿಸಿ ಬಿಸಿನೀರು ಕುಡಿಸಿದರು. ಕಂಬಳಿಯ ಇನ್ನೊಂದು ಗಂಟನ್ನು ನನಗೆ ತೋರಿಸಲಿಲ್ಲ. ಅವ್ವನ ಸೀರೆಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ಭತ್ತದ ಕೋಣೆಯ ಬಾಗಿಲ ಸಂದಿಯಲ್ಲಿ ನಿಂತು ನೋಡಿದೆ. ದೆವ್ವವಲ್ಲ, ಅವ್ವ ಎಂದು ಗೊತ್ತಾಗುವುದಕ್ಕೆ ಅಷ್ಟು ಸಾಕಿತ್ತು. ನಿಂತಲ್ಲೇ ಉಚ್ಚೆ ಹೊಯ್ದುಕೊಂಡೆ.

ಮೂರನೇ ದಿನ ಎಸ್ಟೇಟಿನಿಂದ ಅಪ್ಪ ಬಂದ. ಅವ್ವನ ತಲೆದೆಸೆಯಲ್ಲಿ ಕೂತ. ಆಮೇಲೆ ಕೇಳಿದ:

"ಕೂಗ್ಲಿಲ್ವಾ ನೀನು?"

"ಮೂರು ಕೂಗಿದೆ."

"ಮೂರು ಕೂಗಿದ್ರೆ ಕೂಸು ಕೇಳಸ್ಕಳ್ತಿರ್ಲಿಲ್ವಾ?" ಎಂದಳು ಅಜ್ಜಿ. "ವರ್ಷದಿಂದ ಒಂದು ತಪ್ಪಿಲ್ಲ ಅದು. ಒಂದೋ ಎಲ್ಡೋ ಕೂಗಿ ಕುಂತ್ಕಂಡೌಳೆ. ಕುಸುಮೀ, ಬಾರೆ ಇಲ್ಲಿ. ಕೇಳುಸ್ತಾ ನಿಂಗೆ?"

ಎಲ್ಲರೂ ನನ್ನನ್ನು ನೋಡಿದರು. ಅವ್ವನೂ ಕತ್ತು ತಿರುಗಿಸಿ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಏನೋ ಕೇಳುವವಳ ಹಾಗೆ ನೋಡಿದಳು.

"ಇಲ್ಲ" ಎಂದೆ ಎರಡನೇ ಸಲ. ಮೊದಲನೇ ಇಲ್ಲ ಚಿಕ್ಕಪ್ಪನನ್ನು ಉಳಿಸಲಿಕ್ಕೆ. ಇದು ನನ್ನನ್ನು ಉಳಿಸಿಕೊಳ್ಳಲಿಕ್ಕೆ.

ಅವ್ವ ಗೋಡೆಯ ಕಡೆ ತಿರುಗಿ ಮಲಗಿದಳು. ನಮ್ಮ ಮನೆಯಲ್ಲಿ ಅಲ್ಲಿಗೆ ತೀರ್ಮಾನ ಆಗಿಹೋಯಿತು. ಸರಿಯಾಗಿ ಮೂರು ಕೂಗದೆ ಗಂಡು ಮಗುವನ್ನು ಕಳೆದುಕೊಂಡವಳು. ಊರಿನ ಹನ್ನೊಂದು ಮನೆಯಲ್ಲೂ ಅದೇ ಮಾತು, ಆಚೆ ದಡದಲ್ಲೂ ಅದೇ. ಅಪ್ಪ ಬೈಯಲಿಲ್ಲ, ಆದರೆ ಅವಳ ಜೊತೆ ಮಾತಾಡುವುದು ಕಡಿಮೆ ಮಾಡಿದ. ಅಜ್ಜಿ ಕಡಿಮೆ ಮಾಡುವವಳಲ್ಲ. ಹಾಲು ಉಕ್ಕಿದರೂ, ಕೋಳಿ ಕಾಣೆಯಾದರೂ, ಮಡಕೆ ಒಡೆದರೂ ಅದೇ: "ಮೂರು ಕೂಗು ಕೂಗಕ್ಕೆ ಬಾಯಿಲ್ದೋಳು." ಅವ್ವ ಮತ್ತೆ ಬಸುರಾಗಲಿಲ್ಲ. ಚಿಕ್ಕಪ್ಪ ಅಂದಿನಿಂದ ಪ್ರತಿ ಸಂಜೆ ಪೂರ್ತಿ ಕತ್ತಲಾಗುವ ತನಕ ದಡದಲ್ಲೇ ಬೀಡಿ ಸೇದುತ್ತ ಕೂರತೊಡಗಿದ, ಹಾಗಾಗಿ ಮಣೆಯ ಮೇಲೆ ಯಾರೂ ಕೂರಬೇಕಾಗಲಿಲ್ಲ. ನಾನು ಶಾಲೆಯಲ್ಲಿ ಆ ಆಟ ಬಿಟ್ಟೆ. ಏಕೆ ಎಂದು ಕೇಳಿದ ಹುಡುಗಿಗೆ ಹೊಡೆದೆ.

ನಿಜ ಹೇಳಿಬಿಡಬೇಕೆಂದು ಎಷ್ಟೋ ಸಲ ಬಾಯಿ ತೆರೆದದ್ದುಂಟು. ಅಜ್ಜಿಯ ಮುಖ ನೋಡಿದರೆ ಮುಚ್ಚಿಹೋಗುತ್ತಿತ್ತು. ಅದರ ಬದಲು ಅವ್ವನಿಗೆ ಸೌದೆ ತಂದುಕೊಟ್ಟೆ, ನೀರು ಹೊತ್ತೆ, ಕೇಳದೆಯೇ ಅಕ್ಷರ ಕಲಿಸಿದೆ. ಒಲೆಯ ಪಕ್ಕದ ನೆಲದ ಮೇಲೆ ಇದ್ದಿಲಿನಲ್ಲಿ ಬರೆದು ತೋರಿಸುತ್ತಿದ್ದೆ, ಅವಳು ರೊಟ್ಟಿ ತಟ್ಟುವ ಕೈಯನ್ನು ಒರೆಸಿಕೊಂಡು ತಿದ್ದುತ್ತಿದ್ದಳು. ಅಜ್ಜಿ ಗೊಣಗುತ್ತಿದ್ದಳು. ಎರಡು ವರ್ಷದಲ್ಲಿ ಅವ್ವ ಬೆರಳಿಟ್ಟುಕೊಂಡು, ಒಂದೊಂದೇ ಅಕ್ಷರ ಕೂಡಿಸಿ, ಸಾಮಾನು ಕಟ್ಟಿ ತಂದ ಪೇಪರು ಓದುವ ಹಾಗಾದಳು. ತಪ್ಪು ಮಾಡಿದವರು ಇನ್ನೆಲ್ಲೋ ಏನೋ ಒಳ್ಳೆಯದು ಮಾಡಿ ಸಮಾಧಾನ ಪಡುತ್ತಾರಲ್ಲ, ನನ್ನದೂ ಅದೇ ಕತೆ.

ಐದು ವರ್ಷ ಕಳೆಯಿತು. ನಾನು ಆಲೂರಿನಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದುಕೊಂಡು ಹೈಸ್ಕೂಲಿಗೆ ಹೋಗುತ್ತಿದ್ದೆ, ಶನಿವಾರ ಮನೆಗೆ ಬರುತ್ತಿದ್ದೆ. ಅಂಥ ಒಂದು ಶನಿವಾರ ಮಧ್ಯಾಹ್ನ ಅಡುಗೆಮನೆಗೆ ಹೋದರೆ ಕೂಗಿನ ಮಣೆಯ ಮೇಲೆ ಒಂದು ಹೊಸ ಪುಸ್ತಕ. ಮೇಲ್ಗಡೆ ಬಣ್ಣದ ಚಿತ್ರ: ನೀರು, ತೆಪ್ಪ, ಕಿಟಕಿಯಲ್ಲಿ ಎರಡು ಜಡೆಯ ಹುಡುಗಿ. ಸಾಹಿತಿಗಳು ಶಾಲೆಗೆ ಕಳಿಸಿದ್ದರು; ನನ್ನ ಹೆಸರಿದೆ ಎಂದು ಮೇಷ್ಟ್ರು ಒಂದು ಪ್ರತಿಯನ್ನು ನಮ್ಮ ಮನೆಗೆ ಕೊಟ್ಟುಹೋಗಿದ್ದರು. ಅವ್ವ ಒಲೆಯ ಮುಂದೆ ಕೂತು ಸಂಜೆಯ ಊಟಕ್ಕೆ ರೊಟ್ಟಿ ಮಾಡುತ್ತಿದ್ದಳು. ನನ್ನ ಕಡೆ ತಿರುಗಲಿಲ್ಲ.

"ಇದ್ರಾಗೆ ನಿನ್ನೆಸ್ರು ಐತೆ" ಎಂದಳು.

"ಹೂಂ."

"ನಾಕು ದಿನ ಹಿಡೀತು ಓದಕ್ಕೆ. ಪೂರ್ತಿ ಓದಿದೆ. ಇದೇ ಏನೆ, ಅವತ್ತು ಹೇಳಕ್ಕೆ ಬಂದಿದ್ದಲ್ಲ, ಆಮೇಲೆ ಹೇಳೀಯಂತೆ ಅಂದಿದ್ನಲ್ಲ, ಅದು?"

ಅವಳು ಹೆಂಚಿನ ಮೇಲಿನ ರೊಟ್ಟಿ ತಿರುವಿಹಾಕಿದಳು.

"ನಂಗೆ ಅವತ್ತು ಲಾಟೀನ್ ಕಾಣ್ತು ಕಣೆ. ಮೇಲಕ್ಕೆ ಬಂತು, ಆಮೇಲೆ ಕೆಳಕ್ಕೆ ಹೋತು. ತೆಪ್ಪ ಬತ್ತದೆ ಅನ್ಕಂಡು ಕುಂತ್ಕಂಡೆ. ಯಾರ್ಗೂ ಹೇಳ್ಲಿಲ್ಲ ನಾನು. ಐದು ವರ್ಷಾತು, ದಿನಾ ನನ್ನ ನಾನೇ ಕೇಳ್ಕತೀನಿ, ನನ್ ಮಗ್ಳು ದೀಪ ತೋರ್ಸಿ ಯಾಕೆ ಸುಮ್ಕಾದ್ಲು ಅಂತ. ಬೆಳಿಗ್ಗೆ ಜಡೆ ಹಾಕ್ವಾಗ ಹೊಡ್ದಿದ್ನಲ್ಲ, ಅದ್ಕೇ ಏನೋ ಅನ್ಕಂಡಿದ್ದೆ."

"ಅಲ್ಲವ್ವಾ" ಎಂದೆ. ಅವಳು ಹೊಡೆದದ್ದಕ್ಕೆ ನಾನು ಹಾಗೆ ಮಾಡಿದೆ ಎಂದು ಐದು ವರ್ಷ ನಂಬಿಕೊಂಡು, ಆದರೂ ನನಗೆ ರೊಟ್ಟಿ ಹಾಕಿದ್ದಳು, ನನ್ನ ತಲೆ ಬಾಚಿದ್ದಳು, ನಾನು ಇದ್ದಿಲಲ್ಲಿ ಬರೆದದ್ದನ್ನು ತಿದ್ದಿದ್ದಳು.

"ನಾಕನೇದು ಕೂಗಿದ್ರೆ ಬತ್ತಿದ್ಯಾ?"

"ಬತ್ತಿದ್ದೆ ಅವ್ವಾ. ಓಡಿ ಬತ್ತಿದ್ದೆ."

ಅವಳು ತಲೆಯಾಡಿಸಿದಳು. ಹಿಟ್ಟಿನ ಉಂಡೆಯನ್ನು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದಳು.

"ಬಾಯಿಗಂಟ ಬಂದಿತ್ತು ಕಣೆ. ಹೊಟ್ಟೇಲಿ ಕೂಸೈತೆ, ಸಾವಿನ ಕೂಗು ಬ್ಯಾಡ ಅಂತ ನುಂಗ್ಕಂಡೆ."

ನಾನು ಅವಳ ತೊಡೆಯ ಮೇಲೆ ಬಿದ್ದು ಅತ್ತೆ. ಇವತ್ತೇ ಎಲ್ಲರ ಮುಂದೆ ಹೇಳಿಬಿಡುತ್ತೇನೆ, ಅಪ್ಪನೂ ಮನೆಗೆ ಬಂದಿದ್ದಾನೆ ಎಂದೆ. ಅವಳು ಹಿಟ್ಟಿನ ಕೈಯಲ್ಲೇ ನನ್ನ ಬಾಯಿ ಮುಚ್ಚಿದಳು.

"ಸುಮ್ಕಿರು. ನಿಮ್ಮಜ್ಜಿ ಬಾಯಿಗೆ ನಾನೊಬ್ಳು ಸಾಕು. ನಂಗಾದ್ರೆ ಅಭ್ಯಾಸ ಆಗ್ಬುಟ್ಟೈತೆ."

ಆ ಮಾತು ಕೇಳಿ ನನಗೆ ಸಮಾಧಾನವಾಯಿತು. ಇದನ್ನು ಮುಚ್ಚಿಟ್ಟು ಬರೆದರೆ ಬರೆದೂ ದಂಡ. ಅಳುತ್ತಿದ್ದೆ ನಿಜ, ಒಳಗೆ ಮಾತ್ರ ಬದುಕಿಕೊಂಡೆ ಅನ್ನಿಸಿತು. ಸಾಹಿತಿಗಳ ಮೇಲೆ ಸಿಟ್ಟಿಲ್ಲವೇ ಎಂದರೆ ಇದೆ. ಒಂದು ಊರು ತನ್ನನ್ನು ಕಾಪಾಡಿಕೊಳ್ಳಲು ಮಾಡಿಕೊಂಡ ಲೆಕ್ಕವನ್ನು ನಗುನಗುತ್ತ ಕೆದಕಿ, ಎರಡನೇ ದಿನ ತೆಪ್ಪ ಹತ್ತಿ ಹೋದರು. ಆದರೆ ಅವರಿಗೆ ಏನೂ ಗೊತ್ತಿರಲಿಲ್ಲ, ಕೊನೆಯವರೆಗೂ ಗೊತ್ತಾಗಲಿಲ್ಲ. ಗೊತ್ತಿದ್ದವಳು ನಾನು. ನಾನೂ ಈಗ ಅವರದೇ ಕೆಲಸ ಮಾಡುತ್ತೇನೆ, ಊರಿಗೆ ಹೋಗಿ ಕತೆ ಹೇಳಿ ಸಂಜೆಯ ಬಸ್ಸಿಗೆ ವಾಪಸು ಬರುತ್ತೇನೆ. ಹೇಳಿ ಬಂದ ಕತೆ ಆಮೇಲೆ ಆ ಮನೆಗಳಲ್ಲಿ ಏನು ಮಾಡುತ್ತದೋ ಎಂದು ಬಸ್ಸಿನಲ್ಲಿ ಕೂತು ಯೋಚಿಸುತ್ತೇನೆ.

ಆ ಸಂಜೆ ಎಲ್ಲರೂ ಊಟಕ್ಕೆ ಕೂತೆವು. ಅಪ್ಪ, ಚಿಕ್ಕಪ್ಪ, ಅಜ್ಜಿ, ನಾನು. ಅವ್ವ ಬಡಿಸುತ್ತಿದ್ದಳು. ಮೀನಿನ ಸಾರಿಗೆ ಉಪ್ಪು ಕಡಿಮೆಯಾಗಿತ್ತು. ಅಜ್ಜಿ ಒಂದು ತುತ್ತು ಬಾಯಿಗಿಟ್ಟು ತಟ್ಟೆ ತಳ್ಳಿದಳು.

"ಮೂರು ಕೂಗು ಕೂಗಕ್ಕೆ ಬಾಯಿಲ್ದೋಳು. ಉಪ್ಪಾಕಕ್ಕೆ ಕೈ ಎಲ್ಲಿಂದ ಬರ್ಬೇಕು ಇವ್ಳಿಗೆ."

ಅಪ್ಪ ತಲೆ ತಗ್ಗಿಸಿ ಉಣ್ಣುತ್ತಿದ್ದ. ಚಿಕ್ಕಪ್ಪ ನೀರಿನ ಲೋಟ ಎತ್ತಿಕೊಂಡ. ಅವ್ವ ಉಪ್ಪಿನ ಮರಿಗೆಯನ್ನು ಅಜ್ಜಿಯ ಹತ್ತಿರ ಸರಿಸಿ, ರೊಟ್ಟಿಯ ಬುಟ್ಟಿ ಹಿಡಿದುಕೊಂಡು ನನ್ನ ಮುಂದೆ ಬಂದು ನಿಂತಳು.

"ಇನ್ನೊಂದು ಹಾಕ್ಲಾ?" ಎಂದಳು.

"ಹಾಕು" ಎಂದೆ.